ಬಾಡಿಗೆ ಮನೆಯ ಮೆಟ್ಟಿಲ ಮೇಲೆ ಕೊತ್ತಂಬರಿ, ಪುದೀನ



ಕೈತೋಟದ ಮಾತೆತ್ತಿದರೆ ಸ್ವಸಹಾಯ ಸಂಘದ ಸಭೆಯಲ್ಲಿ ಮೊದಲು ಕೇಳಿಬರೋದು, "ನಮಗೆ ಜಾಗ ಎಲ್ಲಿದೆ?" ನಿಜ, ವಠಾರದ ಮನೆಗೆ ಅಂಗಳ ಇರೋದಿಲ್ಲ. ಆದರೆ ಸಾರಿಗೆ, ಚಟ್ನಿಗೆ ಬೇಕಾದ ಸೊಪ್ಪಿಗೆ ಅಂಗಳ ಬೇಡ. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳುವ ಒಂದು ಮೆಟ್ಟಿಲು ಸಾಕು. ಮನೆ ಬದಲಿಸಿದರೆ ಕುಂಡವೂ ಜೊತೆಗೆ ಬರುತ್ತದೆ. ಇದರಿಂದ ತರಕಾರಿ ಖರ್ಚೆಲ್ಲ ಉಳಿಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಮಳೆಗಾಲದಲ್ಲಿ ದರ ಏರಿದಾಗ ಕೂಲಿ ಮಾಡುವ ಮನೆಯವರು ಮೊದಲು ಬಿಡೋದು ಸೊಪ್ಪನ್ನೇ. ಆಗ ಮನೆಯ ಕುಂಡ ಕೈ ಹಿಡಿಯುತ್ತದೆ.

ದುಡ್ಡು ಕೊಟ್ಟು ಕುಂಡ ಕೊಳ್ಳಬೇಕಾಗಿಲ್ಲ. ಒಡೆದ ಬಕೆಟ್, ಅಡುಗೆ ಎಣ್ಣೆ ಡಬ್ಬ, ಅಕ್ಕಿ ಚೀಲ ಎಲ್ಲವೂ ಆಗುತ್ತದೆ. ಕೀಟನಾಶಕ, ಪೇಂಟ್, ಆಸಿಡ್ ಇದ್ದ ಡಬ್ಬ ಮಾತ್ರ ಎಷ್ಟು ತೊಳೆದರೂ ಬೇಡವೇ ಬೇಡ, ನಾವು ಬೆಳೆಸೋದು ತಿನ್ನುವ ಸೊಪ್ಪು. ತಳದಲ್ಲಿ ನಾಲ್ಕೈದು ತೂತು ಮಾಡಿ. ನೀರು ನಿಂತರೆ ಬೇರು ಕೊಳೆಯುತ್ತದೆ. ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಸಮಪಾಲು ಬೆರೆಸಿ ತುಂಬಿ.

"ಕೊತ್ತಂಬರಿ ನಮ್ಮಲ್ಲಿ ಹುಟ್ಟೋದೇ ಇಲ್ಲ" ಅನ್ನುವವರು ಬಹಳ. ಕಾರಣ ಇದೆ. ನಾವು ಬೀಜ ಅನ್ನುವ ಒಂದು ಕಾಳಿನೊಳಗೆ ನಿಜವಾಗಿ ಎರಡು ಬೀಜ ಇರುತ್ತವೆ. ಲಟ್ಟಣಿಗೆಯನ್ನು ಮೆಲ್ಲಗೆ ಆಡಿಸಿ ಕಾಳನ್ನು ಇಬ್ಭಾಗ ಮಾಡಿ, ಪುಡಿಯಾಗಬಾರದು. ರಾತ್ರಿ ನೆನೆಸಿ, ಬೆಳಿಗ್ಗೆ ಅರ್ಧ ಇಂಚು ಆಳಕ್ಕೆ ಬಿತ್ತಿ. ಮೊಳಕೆಗೆ 8ರಿಂದ 15 ದಿನ ಬೇಕು. ಒಂದು ವಾರ ಕಾದು ಮಣ್ಣು ಕೆದಕಿ ನೋಡ್ತಾರಲ್ಲ, ಅಲ್ಲೇ ಕೆಡೋದು! 30-40 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಬಿರುಬೇಸಿಗೆಯಲ್ಲಿ ಬೇಗ ಹೂ ಬಿಟ್ಟು ಸೊಪ್ಪು ಕಡಿಮೆಯಾಗುವುದರಿಂದ ಆಗ ಮಧ್ಯಾಹ್ನದ ಬಿಸಿಲು ತಪ್ಪಿಸಿ. ಒಂದೇ ಸಲ ಎಲ್ಲ ಬಿತ್ತದೆ, ಹದಿನೈದು ದಿನಕ್ಕೊಮ್ಮೆ ಒಂದೊಂದು ಡಬ್ಬದಲ್ಲಿ ಬಿತ್ತಿದರೆ ಮನೆಯಲ್ಲಿ ಸದಾ ಸೊಪ್ಪಿರುತ್ತದೆ.

ಅಷ್ಟು ತಾಳ್ಮೆ ಇಲ್ಲದವರು ಮೆಂತ್ಯದಿಂದ ಶುರು ಮಾಡಿ. ಮೂರ್ನಾಲ್ಕು ದಿನಕ್ಕೆ ಮೊಳಕೆ, 20-25 ದಿನಕ್ಕೆ ಸೊಪ್ಪು. ಮಕ್ಕಳಿಗೂ ಖುಷಿ.

ಪುದೀನಕ್ಕೆ ಬೀಜ ಹುಡುಕಬೇಡಿ. ಸಂತೆಯಿಂದ ತಂದ ಕಟ್ಟಿನಲ್ಲೇ ಗಟ್ಟಿ ಕಡ್ಡಿ ಆರಿಸಿ, ಕೆಳಗಿನ ಎಲೆ ಕಿತ್ತು, ಲೋಟದ ನೀರಲ್ಲಿಡಿ. ಹತ್ತು ದಿನದೊಳಗೆ ಸಾಮಾನ್ಯವಾಗಿ ಬೇರು ಬರುತ್ತದೆ, ಆಮೇಲೆ ನೆಡಿ. ಅದು ಹಬ್ಬುವ ಗಿಡ, ಪಕ್ಕದ ಗಿಡಕ್ಕೆ ಜಾಗ ಬಿಡೋದಿಲ್ಲ, ಅದಕ್ಕೆ ಬೇರೆ ಕುಂಡವೇ ಇರಲಿ. ದೊಡ್ಡಪತ್ರೆಯದು ತದ್ವಿರುದ್ಧ ಸ್ವಭಾವ. ಒಂದು ಕಡ್ಡಿ ಮುರಿದು ಊರಿದರೆ ಬದುಕುತ್ತದೆ, ನೀರು ಜಾಸ್ತಿಯಾದರೆ ಕೊಳೆಯುತ್ತದೆ. ತಂಬುಳಿಗೆ ನಾಲ್ಕೆಲೆ ಸಾಕಲ್ಲ.

ಕರಿಬೇವಿಗೆ ಮಾತ್ರ ಆಳವಾದ ಬಕೆಟ್ ಬೇಕು. ಮೊದಲ ವರ್ಷ ಎಲೆಗೆ ಆಸೆ ಪಡಬೇಡಿ, ತುದಿ ಚಿವುಟುತ್ತಾ ಇದ್ದರೆ ಕವಲೊಡೆಯುತ್ತದೆ. ಎಲೆ ತಿನ್ನುವ ಹಸಿರು ಹುಳ ಕಂಡರೆ ಔಷಧಿ ಹೊಡೆಯದೆ ಕೈಯಿಂದಲೇ ತೆಗೆದುಹಾಕಿ.

ನೀರಿನ ಅಭಾವ ಇದ್ದಲ್ಲಿ ಅಕ್ಕಿ, ಬೇಳೆ ತೊಳೆದ ನೀರು ಹಾಕಿ. ಸೋಪಿನ ನೀರು, ಉಪ್ಪು ಹಾಕಿದ ನೀರು ಬೇಡ. ಕುಂಡದ ಕೆಳಗೆ ತಟ್ಟೆ ಇಟ್ಟಿದ್ದರೆ ವಾರಕ್ಕೊಮ್ಮೆ ತಪ್ಪದೆ ಚೆಲ್ಲಿ, ಒಳಬದಿಯನ್ನು ಉಜ್ಜಿ ತೊಳೆಯಿರಿ. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆ ಅಂಟಿಸೋದು ಅಲ್ಲೇ.