ವ್ಯಾಟ್ ಕೇಳಿದರೆ ಸಾಲದು, ಓಮ್ ಕೂಡ ಕೇಳಿ

ಆಷಾಢದಲ್ಲಿ ಚಾಮರಾಜನಗರದ ಚಾಮರಾಜೇಶ್ವರನ ತೇರಿಗೆ ಹಣ್ಣು–ಜವನ ಎಸೆಯಲು ಹೊಸದಾಗಿ ಮದುವೆಯಾದ ಜೋಡಿಗಳು ಊರೂರುಗಳಿಂದ ಬರುತ್ತಾರೆ. ಅಂಥ ಜನಸಂದಣಿಗೆ ಮಾತು ಮುಟ್ಟಿಸಲು ಮೈಕ್ ಸೆಟ್ಟೇ ಬೇಕು. ಗುಂಡ್ಲುಪೇಟೆ ಕಡೆಯ ಮಾರಿಹಬ್ಬವಿರಲಿ, ಮದುವೆ ಚಪ್ಪರವಿರಲಿ, ಸೆಟ್ ಗೊತ್ತು ಮಾಡುವವರು ಕೇಳುವುದು ‘ಎಷ್ಟು ವ್ಯಾಟ್ಸ್?’ ಎಂದು. ಆಂಪ್ಲಿಫಯರ್ ಹಿಂಬದಿಯಲ್ಲಿ ಅಚ್ಚಾಗಿರುವ ಓಮ್ ಲೆಕ್ಕವನ್ನು ವಿಚಾರಿಸುವವರು ಕಡಿಮೆ. ಯೂನಿಟ್ ಸುಡುವುದಕ್ಕೂ ದನಿ ಒಡೆಯುವುದಕ್ಕೂ ಎಷ್ಟೋ ಸಲ ಕಾರಣ ಅಲ್ಲೇ ಇರುತ್ತದೆ.

ವಿದ್ಯುತ್ ಹರಿವಿಗೆ ಎದುರಾಗುವ ತಡೆಯ ನಿಯಮವನ್ನು ಜರ್ಮನಿಯ ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದರು; ಆ ತಡೆಯ ಅಳತೆಯೇ ಓಮ್. 1915ರಲ್ಲಿ ಪೀಟರ್ ಜೆನ್ಸನ್, ಎಡ್ವಿನ್ ಪ್ರಿಡ್‌ಹ್ಯಾಮ್ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಧ್ವನಿವರ್ಧಕದಿಂದ ಸಾವಿರಾರು ಜನರಿಗೆ ದನಿ ಕೇಳಿಸಿದರು. ಇಂದಿನ ಸ್ಪೀಕರಿನ ಮಾದರಿ ರೂಪುಗೊಂಡದ್ದು 1925ರಲ್ಲಿ, ಜನರಲ್ ಎಲೆಕ್ಟ್ರಿಕ್‌ನ ರೈಸ್ ಮತ್ತು ಕೆಲಾಗ್ ಅವರ ಕೈಯಲ್ಲಿ. ಗಾಂಧೀಜಿ, ನೆಹರೂ ಭಾಷಣದ ಹಳೆಯ ಚಿತ್ರಗಳಲ್ಲಿ ಮೈಕಿನ ಮೇಲೆ ಕಾಣುವ ‘ಶಿಕಾಗೊ ರೇಡಿಯೊ’ ಮೋಟ್ವಾನೆ ಕುಟುಂಬದ ಭಾರತೀಯ ಕಂಪನಿ. ನಮ್ಮ ಊರುಗಳ ಮೈಕ್ ಸೆಟ್ ಅಂಗಡಿಗಳಿಗೆ ಚಿರಪರಿಚಿತವಾದ ಅಹುಜಾ 1940ರಲ್ಲಿ ದೆಹಲಿಯಲ್ಲಿ ಆರಂಭವಾಯಿತು.

ಅದು ಟ್ರಾನ್ಸಿಸ್ಟರ್‌ಗೂ ಮುಂಚಿನ ವಾಲ್ವ್‌ಗಳ (ನಿರ್ವಾತ ನಳಿಕೆಗಳ) ಕಾಲ. ವಾಲ್ವ್‌ಗೆ ಸಾವಿರಾರು ಓಮ್‌ಗಳ ಹೊರೆ ಬೇಕು, ಸ್ಪೀಕರಿನದು ಕೆಲವೇ ಓಮ್. ಇವೆರಡನ್ನು ಹೊಂದಿಸಲು ನಡುವೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬಂತು. 4, 8, 16 ಓಮ್, 70 ಮತ್ತು 100 ವೋಲ್ಟ್ ಎಂದು ಬರೆದ ತಿರುಪುಗಳ ಸಾಲು ಇಂದಿಗೂ ಮೈಕ್ ಸೆಟ್‌ನ ಹಿಂಬದಿಯಲ್ಲಿ ಉಳಿದಿರುವುದು ಹೀಗೆ.

ಹಾರ್ನ್ ಯೂನಿಟ್‌ಗಳು ಸಾಮಾನ್ಯವಾಗಿ 16 ಓಮ್‌ನವು. ಒಂದೇ ಜೋಡಿ ತಂತಿಗೆ ಎರಡು ಯೂನಿಟ್ ಕಟ್ಟಿದರೆ ಒಟ್ಟು 8 ಓಮ್, ನಾಲ್ಕು ಕಟ್ಟಿದರೆ 4. ಇನ್ನೆರಡು ಸೇರಿಸಿದರೆ ಮೂರಕ್ಕಿಂತ ಕೆಳಗಿಳಿಯುತ್ತದೆ. 4 ಓಮ್‌ಗೆ ಕಟ್ಟಿದ ಆಂಪ್ಲಿಫಯರ್ ಆಗ ತಾಳಲಾರದಷ್ಟು ಕರೆಂಟ್ ಕೊಡಬೇಕಾಗಿ ಬಂದು ಕಾಯುತ್ತದೆ, ಕೊನೆಗೆ ಸುಡುತ್ತದೆ.

ತಂತಿಯ ಲೆಕ್ಕವೂ ಇದೆ. ವೇದಿಕೆಯಿಂದ 100 ಮೀಟರ್ ದೂರದ ಕಂಬಕ್ಕೆ ಒಂದು ಚದರ ಮಿಲಿಮೀಟರ್ ತಾಮ್ರದ ತಂತಿ ಎಳೆದರೆ, ಹೋಗಿ ಬರುವ ಎರಡೂ ಎಳೆ ಸೇರಿ ಸುಮಾರು ಮೂರೂವರೆ ಓಮ್. ಅದರ ತುದಿಗೆ 8 ಓಮ್ ಸ್ಪೀಕರ್ ಇದ್ದರೆ, ಆಂಪ್ಲಿಫಯರ್ ಕೊಟ್ಟ ಶಕ್ತಿಯಲ್ಲಿ ಸುಮಾರು ಶೇ 30 ತಂತಿಯನ್ನು ಬಿಸಿ ಮಾಡುವುದಕ್ಕೇ ಹೋಯಿತು. ಅದೇ ತಂತಿಯ ತುದಿಯಲ್ಲಿ ಲೈನ್ ಟ್ರಾನ್ಸ್‌ಫಾರ್ಮರ್ ಮೂಲಕ 100 ವೋಲ್ಟ್ ಲೈನಿಗೆ ಕಟ್ಟಿದ 25 ವ್ಯಾಟ್ ಹಾರ್ನ್ 400 ಓಮ್ ಹೊರೆಯಾಗುವುದರಿಂದ ನಷ್ಟ ಶೇ 1ಕ್ಕಿಂತ ಕಡಿಮೆ. ಜಾತ್ರೆಗೆ ಲೈನ್ ಟ್ರಾನ್ಸ್‌ಫಾರ್ಮರ್ ಬಳಸುವವರ ಜಾಣತನ ಇದು.

ಟ್ರಾನ್ಸಿಸ್ಟರ್ ಬಂದ ಮೇಲೆ ಬಹುತೇಕ ಆಂಪ್ಲಿಫಯರ್‌ಗಳು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಬಿಟ್ಟವು. ಸ್ಪೀಕರಿನ ಓಮ್ ಅರ್ಧಕ್ಕಿಳಿದರೆ ವ್ಯಾಟ್ ಹೆಚ್ಚುಕಡಿಮೆ ಇಮ್ಮಡಿಯಾಗುವುದು ಕಂಪನಿಗಳಿಗೆ ಅನುಕೂಲವೇ ಆಯಿತು. ಕಡಿಮೆ ಓಮ್‌ಗೆ, ಕ್ಷಣಮಾತ್ರ ಅಳೆದ ದೊಡ್ಡ ಅಂಕಿಯೇ ಜಾಹೀರಾತಾಯಿತು. ಇದಕ್ಕೆ ಕಡಿವಾಣ ಹಾಕಲು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ನಿಯಮ ತಂದಿತು: ಸತತವಾಗಿ ಕೊಡಬಲ್ಲ ವ್ಯಾಟ್ ಎಷ್ಟು, ಎಷ್ಟು ಓಮ್‌ಗೆ, ದನಿ ಎಷ್ಟು ಕೆಡುತ್ತದೆ ಎಂದು ಹೇಳಲೇಬೇಕು. 2024ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಲಾಯಿತು. ನಮ್ಮಲ್ಲಿ ಮಾತ್ರ ಟೇಪ್‌ರೆಕಾರ್ಡರ್ ಪೆಟ್ಟಿಗೆಗಳ ಮೇಲೆ ‘ಪಿಎಂಪಿಒ’ ಹೆಸರಿನ ಸಾವಿರಗಟ್ಟಲೆ ವ್ಯಾಟ್ ಮೆರೆಯಿತು. ಹೀಗೇ ಅಳೆಯಬೇಕೆಂಬ ಗೊತ್ತಾದ ಮಾನದಂಡ ಆ ಅಂಕಿಗೆ ಇರಲಿಲ್ಲ.

ವ್ಯಾಟ್ ಇಮ್ಮಡಿಯಾದರೆ ಶಬ್ದ ಏರುವುದು ಮೂರೇ ಡೆಸಿಬೆಲ್. ಕಿವಿಗೆ ಎರಡರಷ್ಟು ಜೋರೆನಿಸಲು ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಆದ್ದರಿಂದ ದೂರದವರಿಗೂ ಮಾತು ಸ್ಪಷ್ಟವಾಗಬೇಕೆಂದರೆ ಒಂದೇ ಕಡೆ ಬಾಕ್ಸ್ ಪೇರಿಸುವ ಬದಲು ಸಣ್ಣ ಹಾರ್ನ್‌ಗಳನ್ನು ಅಲ್ಲಲ್ಲಿ ಹಂಚುವುದೇ ಸರಿ. ನೆರೆಹೊರೆಯ ಮಕ್ಕಳು, ಮುದುಕರು, ಕಾಯಿಲೆಯವರ ಕಿವಿಗೂ ಅದೇ ಹಿತ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕಕ್ಕೆ ನಿಷೇಧವಿದೆ. ಸರ್ಕಾರ ವಿಶೇಷ ವಿನಾಯಿತಿ ಕೊಟ್ಟ ದಿನಗಳಲ್ಲಿ ಮಧ್ಯರಾತ್ರಿ 12ರವರೆಗೆ ಬಳಸಬಹುದು.

ಮುಂದಿನ ಹಬ್ಬಕ್ಕೆ ಸೆಟ್ ಗೊತ್ತು ಮಾಡುವಾಗ ‘ಎಷ್ಟು ವ್ಯಾಟ್ಸ್’ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ‘ಆರ್‌ಎಂಎಸ್ (ಸತತವಾಗಿ ಕೊಡಬಲ್ಲ ವ್ಯಾಟ್) ಎಷ್ಟು, ಅದು ಎಷ್ಟು ಓಮ್‌ಗೆ, ಒಂದು ಲೈನಿಗೆ ಎಷ್ಟು ಯೂನಿಟ್ ಕಟ್ಟುತ್ತೀರಿ’ ಎಂದೂ ಕೇಳಿ. ಕೆಲಸ ಬಲ್ಲವರು ತಡವರಿಸದೆ ಉತ್ತರ ಕೊಡುತ್ತಾರೆ. ಸೆಟ್ ಅವರಿಗೇ ಒಪ್ಪಿಸಿ.