ಇಯಾನ್ ಅಂದರೆ ಏನು?



ಅಟ್ಲಾಂಟಾದಲ್ಲಿರುವ ನಮ್ಮ ಬಳಗದ ಮನೆಯೊಂದರಲ್ಲಿ ನಾಮಕರಣ. ತಾಯಿ ಕನ್ನಡದ ಹುಡುಗಿ, ತಂದೆ ಉತ್ತರ ಕ್ಯಾರೊಲೈನಾದವನು. ಮಗುವಿಗೆ ಆರಿಸಿದ ಹೆಸರು ಇಯಾನ್. ಮೈಸೂರಿನಿಂದ ಬಂದಿದ್ದ ಅಜ್ಜಿ ತಟ್ಟೆಯಲ್ಲಿ ಅಕ್ಕಿ ಹರಡುತ್ತಾ ಮಗಳನ್ನು ಕೇಳಿದರು: "ಅಲ್ಲ ಕಣೇ, ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲದ ಹೆಸರು. ಹೋಗಲಿ, ಅರ್ಥವಾದರೂ ಏನು?"

ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ, ಮಗುವಿನ ತಂದೆಗೂ! ಅಳಿಯನ ಕೈ ಹಿಡಿದು ಮಾವನವರು ಅಕ್ಕಿಯ ಮೇಲೆ ಕನ್ನಡದಲ್ಲಿ ಮೂರಕ್ಷರ ಬರೆಸಿದರು. ಅಜ್ಜಿ ಮಾತಾಡಲಿಲ್ಲ. ನಾವು ಮನೆಗೆ ಬಂದು ಪುಸ್ತಕಗಳನ್ನು ತೆರೆದೆವು.

ಇಯಾನ್ ಎಂಬುದು ಸ್ಕಾಟ್ಲೆಂಡಿನವರ ಬಾಯಲ್ಲಿ ಜಾನ್. ಜಾನ್‌ನ ಮೂಲ ಹೀಬ್ರೂ ಭಾಷೆಯ 'ಯೋಹಾನಾನ್'. ಕನ್ನಡ ಬೈಬಲು ಯೆಹೋವ ಎಂದು ಕರೆಯುವ ದೇವರ ಹೆಸರಿನ ಮೊಟಕು ರೂಪವೇ 'ಯೋ'; 'ಹಾನಾನ್' ಎಂದರೆ ಕೃಪೆ ತೋರಿದನು. ಹೀಗಾಗಿ ಇದು ಒಂದು ಹೆಸರಷ್ಟೇ ಅಲ್ಲ, ಪೂರ್ತಿ ವಾಕ್ಯ: ದೇವರು ಕೃಪೆ ತೋರಿದನು. ನಮ್ಮ ಗುರುಪ್ರಸಾದ, ಶಿವಪ್ರಸಾದರ ಹತ್ತಿರದ ನಂಟ. ಹನ್ನ, ಆನ್ ಎಂಬ ಹೆಣ್ಣುಮಕ್ಕಳ ಹೆಸರುಗಳೂ ಇದೇ ಧಾತುವಿನಿಂದ ಬಂದವು.

ಗ್ರೀಕ್, ಲ್ಯಾಟಿನ್‌ಗಳನ್ನು ಹಾದು ಈ ಹೆಸರು ಜರ್ಮನಿಯಲ್ಲಿ ಹಾನ್ಸ್, ಸ್ಪೇನಿನಲ್ಲಿ ಹುವಾನ್, ರಷ್ಯದಲ್ಲಿ ಇವಾನ್, ಐರ್ಲೆಂಡಿನಲ್ಲಿ ಶಾನ್ ಆಯಿತು. ಕುರಾನಿನಲ್ಲಿ ಸ್ನಾನಿಕ ಯೋಹಾನನನ್ನು ಯಹ್ಯಾ ಎನ್ನುತ್ತಾರೆ. ಮಂಗಳೂರಿನ ಕೊಂಕಣಿ ಕ್ರೈಸ್ತರಿಗೆ ಪೋರ್ಚುಗೀಸರ ಮೂಲಕ ಜುವಾಂವ್ ಎಂದು ಬಂತು. ಕನ್ನಡ ಬೈಬಲಿನ 'ಯೋಹಾನ' ಇಂಗ್ಲಿಷಿನ ಜಾನ್‌ಗಿಂತ ಮೂಲಕ್ಕೆ ಹೆಚ್ಚು ಹತ್ತಿರ. ಸ್ವಾರಸ್ಯವೆಂದರೆ, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಳ್ಳಾರಿಯಲ್ಲಿ ನೆಲೆಸಿ ಬೈಬಲನ್ನು ಕನ್ನಡಕ್ಕೆ ತಂದ ಪಾದ್ರಿಯೂ ಒಬ್ಬ ಜಾನ್: ಜಾನ್ ಹ್ಯಾಂಡ್ಸ್. ಕನ್ನಡ ಶಾಸನಗಳನ್ನು ಓದಿ ಪ್ರಕಟಿಸಿದ, ಲಾವಣಿಗಳನ್ನು ಸಂಗ್ರಹಿಸಿದ ಫ್ಲೀಟ್ ಸಾಹೇಬರ ಪೂರ್ತಿ ಹೆಸರು ಜಾನ್ ಫೇತ್‌ಫುಲ್ ಫ್ಲೀಟ್ (1847–1917).

ನಮ್ಮನ್ನು ಬೆರಗುಗೊಳಿಸಿದ್ದು ಲೂಕನ ಸುವಾರ್ತೆಯ ಮೊದಲ ಅಧ್ಯಾಯ. ಜಕರೀಯ, ಎಲಿಸಬೇತ ಮಕ್ಕಳಿಲ್ಲದ ಮುದಿ ದಂಪತಿ. ಕೊನೆಗೊಂದು ಗಂಡುಮಗು. ಎಂಟನೆಯ ದಿನ ನೆರೆದ ಬಂಧುಗಳು ತಂದೆಯ ಹೆಸರನ್ನೇ ಇಡಲು ಹೊರಟಾಗ ತಾಯಿ ಒಪ್ಪದೆ, ಯೋಹಾನ ಎಂದೇ ಕರೆಯಬೇಕು ಎನ್ನುತ್ತಾಳೆ. ನಿಮ್ಮ ಬಂಧುಗಳಲ್ಲಿ ಯಾರಿಗೂ ಆ ಹೆಸರಿಲ್ಲವಲ್ಲ ಎಂದು ಅವರ ತಕರಾರು! ಮಾತು ನಿಂತುಹೋಗಿದ್ದ ತಂದೆ ಹಲಗೆ ತರಿಸಿ ಅದೇ ಹೆಸರನ್ನು ಬರೆಯುತ್ತಾನೆ. ಕೂಡಲೇ ಮಾತು ಮರಳುತ್ತದೆ. ಅಜ್ಜಿಯ ಪ್ರಶ್ನೆಗೆ ಎರಡು ಸಾವಿರ ವರ್ಷಗಳ ಹಿಂದಿನ ಜೊತೆ ಸಿಕ್ಕಿತ್ತು, ಅಕ್ಕಿಯ ತಟ್ಟೆಗೂ.

ನಮ್ಮ ಸುತ್ತಲೂ ಈ ಹೆಸರು ತುಂಬಿದೆ. ವಾಷಿಂಗ್ಟನ್ನಿನ ಶ್ವೇತಭವನದ ಎದುರಿಗೇ ಸೇಂಟ್ ಜಾನ್ಸ್ ಚರ್ಚಿದೆ. ಅಟ್ಲಾಂಟಾವನ್ನು 1987ರಿಂದ ಕೊನೆಯವರೆಗೂ ಸಂಸತ್ತಿನಲ್ಲಿ ಪ್ರತಿನಿಧಿಸಿದವರು ನಾಗರಿಕ ಹಕ್ಕುಗಳ ಹೋರಾಟಗಾರ ಜಾನ್ ಲೂಯಿಸ್ (1940–2020). ಉತ್ತರ ಕ್ಯಾರೊಲೈನಾದ ಹ್ಯಾಮ್ಲೆಟ್ ಊರಿನಲ್ಲಿ 1926ರಲ್ಲಿ ಹುಟ್ಟಿದ ಜಾಸ್ ವಾದಕ ಜಾನ್ ಕೋಲ್ಟ್ರೇನ್ ತಮ್ಮ ಮಗನಿಗಿಟ್ಟ ಹೆಸರು ರವಿ, ನಮ್ಮ ಪಂಡಿತ್ ರವಿಶಂಕರರ ಮೇಲಿನ ಗೌರವದಿಂದ. ಆ ಮನೆತನದಲ್ಲೂ ಯಾರೋ ಅರ್ಥ ಕೇಳಿದ್ದಿರಬಹುದು.

ಇಷ್ಟನ್ನೂ ಅಜ್ಜಿಗೆ ಫೋನಿನಲ್ಲಿ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ವರಪ್ರಸಾದ ಅಂದ ಹಾಗಾಯ್ತು ಬಿಡಿ. ಇನ್ನು ಕೂಗೋಕ್ಕೆ ಸಂಕೋಚ ಇಲ್ಲ" ಎಂದರು.

ಯೋಹಾನಾನ್ ಸವೆದು ಇಯಾನ್ ಆದರೂ ಹೆಸರು ಉಳಿಯಿತು, ಮರೆತದ್ದು ಅರ್ಥವನ್ನು. ಆಫೀಸಿನಲ್ಲಿ, ಶಾಲೆಯಲ್ಲಿ ನಮ್ಮ ಹೆಸರುಗಳೂ ಸವೆಯುತ್ತಿವೆ. ಜಯರಾಮ ಜೇ ಆಗುತ್ತಾನೆ, ಸಮೀರ ಸ್ಯಾಮ್ ಆಗುತ್ತಾನೆ. ಅದಕ್ಕಾಗಿ ಅಳಬೇಕಿಲ್ಲ. ಆದರೆ ಮುಂದೊಂದು ದಿನ ಮೊಮ್ಮಗು "ನನ್ನ ಹೆಸರಿಗೆ ಅರ್ಥ ಏನು?" ಎಂದರೆ ಹೇಳುವವರು ಮನೆಯಲ್ಲಿ ಒಬ್ಬರಾದರೂ ಇರಬೇಕು. ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಮಕ್ಕಳನ್ನು ಕೇಳಿ ನೋಡಿ. ಗೊತ್ತಿಲ್ಲವೆಂದರೆ ಅಲ್ಲೇ ಹೇಳಿಬಿಡಿ.