ಮೂರು ಪದವಿಗಳು, ಒಂದೇ ವಿದ್ಯೆ

ಉಡುಪಿಯ ಉತ್ತರಕ್ಕೆ ಹೆದ್ದಾರಿಯ ಮೇಲಿರುವ ಸಂತೆಕಟ್ಟೆ, ಹೆಸರಿಗೆ ತಕ್ಕಂತೆ, ನಾಲ್ಕು ಊರುಗಳ ಜನ ಕೂಡುವ ತಾಣ. ಬೆಳಗಿನ ಹೊತ್ತು ಇಲ್ಲಿ ಬಸ್ಸಿಗೆ ಕಾಯುವ ತರುಣ ತರುಣಿಯರಲ್ಲಿ ಕೆಲವರು ಮಗ್ಗುಲ ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿಗೆ ಹೋಗತಕ್ಕವರು. ಕೆಲವರು ಉಡುಪಿಯ ಕಾಲೇಜುಗಳಿಗೆ, ಮತ್ತೆ ಕೆಲವರು ಮಣಿಪಾಲಕ್ಕೆ. ಒಬ್ಬನ ಕೈಯಲ್ಲಿ ಲೆಕ್ಕಶಾಸ್ತ್ರ, ಒಬ್ಬಳ ಕೈಯಲ್ಲಿ ರಸಾಯನಶಾಸ್ತ್ರ, ಇನ್ನೊಬ್ಬಳ ಕೈಯಲ್ಲಿ ಇತಿಹಾಸ. ಪುಸ್ತಕಗಳು ಬೇರೆ, ಮುಂದೆ ದೊರೆಯುವ ಪದವಿಗಳೂ ಬೇರೆ. ಆದರೆ ಪದವೀಧರರೆಂಬ ಹೆಸರು ಮಾತ್ರ ಮೂವರಿಗೂ ಒಂದೇ. ಆ ಹೆಸರಿಗೆ ಅರ್ಹತೆ ತಂದುಕೊಡುವ, ಮೂವರಿಗೂ ಸಮಾನವಾದ ವಿದ್ಯೆ ಯಾವುದು?

ಬಂದ ನಿಯಮ, ಹೋದ ನಿಯಮ

ಪ್ರಶ್ನೆ ಹೊಸದಲ್ಲ. 1948-49ರ ರಾಧಾಕೃಷ್ಣನ್ ಆಯೋಗವು, ವಿಶೇಷ ವಿಷಯ ಯಾವುದೇ ಇರಲಿ, ವಿದ್ಯಾರ್ಥಿಗಳೆಲ್ಲರಿಗೂ ಸಾಮಾನ್ಯ ಶಿಕ್ಷಣ ಅಗತ್ಯವೆಂದು ಸಾರಿತ್ತು. ಕರ್ನಾಟಕದಲ್ಲಿ 2021-22ರಲ್ಲಿ ನಾಲ್ಕು ವರ್ಷಗಳ ಪದವಿ ಕ್ರಮ ಬಂದಿತು. ವಿಜ್ಞಾನದವರು ವಾಣಿಜ್ಯವನ್ನೂ ವಾಣಿಜ್ಯದವರು ಕಲಾ ವಿಷಯವನ್ನೂ ಆರಿಸಿಕೊಳ್ಳಲು ಅವಕಾಶವಾಯಿತು. 2024-25ರಲ್ಲಿ ರಾಜ್ಯವು ಮೂರು ವರ್ಷಗಳ ಪದವಿಗೆ ಮರಳಿತು. ಪ್ರತಿ ಬದಲಾವಣೆಯಲ್ಲಿಯೂ ಮನೆಮನೆಗಳಲ್ಲಿ ಕೇಳಿಬಂದುದು ಎರಡೇ ಮಾತು: ವರ್ಷ ಮೂರೋ ನಾಲ್ಕೋ? ಯಾವ ವಿಷಯಕ್ಕೆ ಕೆಲಸ ಸಿಕ್ಕೀತು? ಓದು ಮುಗಿಸಿ ಹೊರಬಂದ ಮಗನಿಗೆ ಅಥವಾ ಮಗಳಿಗೆ ಏನೇನು ಬರಬೇಕು ಎಂಬ ಮೂರನೆಯ ಮಾತು ಹಿಂದೆಯೇ ಉಳಿಯಿತು.

ಎಂಟು ಸಾವಿರದ ಬಂಡವಾಳ

ಈ ಮೂರನೆಯ ಮಾತಿಗೆ ಉಡುಪಿಯ ಇತಿಹಾಸವೇ ಒಂದು ಉತ್ತರ ಕೊಡುತ್ತದೆ. 1925ರಲ್ಲಿ ಕೈಮಗ್ಗದ ಉದ್ಯಮ ಕುಸಿದು ನೇಕಾರರು ಕಂಗೆಟ್ಟಿದ್ದರು. ಆಗ ಇಲ್ಲಿ ಒಂದು ಬ್ಯಾಂಕು ಹುಟ್ಟಿತು. ಮೂಲ ಬಂಡವಾಳ ಎಂಟು ಸಾವಿರ ರೂಪಾಯಿ. ಕಟ್ಟಿದವರು ಮೂವರು: ಉಪೇಂದ್ರ ಅನಂತ ಪೈಗಳು ವ್ಯಾಪಾರಿ, ವಾಮನ ಕುಡ್ವರು ಇಂಜಿನಿಯರು, ಟಿ.ಎಂ.ಎ. ಪೈಗಳು ವೈದ್ಯರು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದ ಸಂಸ್ಥೆ ಅದೇ. 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಲ್ಲೇ ಸಂಗ್ರಹಿಸುತ್ತಿದ್ದರು. ನಾಡಿ ಹಿಡಿಯುವ ವಿದ್ಯೆ ಬಡ್ಡಿಯ ಲೆಕ್ಕ ಕಲಿಸುವುದಿಲ್ಲ. ಕಟ್ಟಡ ಕಟ್ಟುವ ವಿದ್ಯೆ ನೇಕಾರನ ಕಷ್ಟವನ್ನು ತಿಳಿಸುವುದಿಲ್ಲ. ಆದರೂ ಎದುರಿನ ಸಮಸ್ಯೆಯನ್ನು ಅರಿತು, ಲೆಕ್ಕ ಹಾಕಿ, ಇತರರೊಡನೆ ಕೂಡಿ ದುಡಿಯುವ ಶಕ್ತಿ ಮೂವರಲ್ಲಿಯೂ ಇದ್ದಿತು. ಪದವಿಗಳಿಗೆಲ್ಲ ಸಾಮಾನ್ಯವಾದ ಗುರಿ ಎಂದರೆ ಇದೇ.

ಭೌತಶಾಸ್ತ್ರದ ಗುರು, ಪಂಪನ ಸಂಪಾದಕ

ಒಬ್ಬ ವ್ಯಕ್ತಿಯಲ್ಲೇ ಈ ಗುಣ ಮೂಡಿದ ನಿದರ್ಶನ ಬೇಕೆಂದರೆ ಬೆಳ್ಳಾವೆ ವೆಂಕಟನಾರಣಪ್ಪನವರಿದ್ದಾರೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಅವರು ಬೋಧಿಸಿದುದು ಭೌತಶಾಸ್ತ್ರ. ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಸೇರಿ 1918ರಲ್ಲಿ 'ವಿಜ್ಞಾನ' ಎಂಬ ಕನ್ನಡ ಪತ್ರಿಕೆಯನ್ನು ನಡೆಯಿಸಿದರು. ಅದೇ ಕೈ ಹಳಗನ್ನಡದ ಪಂಪಭಾರತವನ್ನೂ ಸಂಪಾದಿಸಿತು. ಪ್ರಯೋಗಶಾಲೆಯಲ್ಲಿ ಕಲಿತ ನಿಖರತೆ ಓಲೆಯ ಪಾಠಭೇದಗಳನ್ನು ತೂಗುವಾಗ ಅವರಿಗೆ ಪರಕೀಯವೆನಿಸಲಿಲ್ಲ. ವಿಷಯ ಬೇರೆಯಾದರೂ ಸಾಕ್ಷ್ಯವನ್ನು ಪರೀಕ್ಷಿಸುವ ಬುದ್ಧಿ ಒಂದೇ.

ಅಂಕಿಯನ್ನು ಓದುವ ಕಣ್ಣು

ಎಲ್ಲರೂ ಬೆಳ್ಳಾವೆಯವರಾಗುವುದು ಸಾಧ್ಯವಿಲ್ಲ, ಆಗಬೇಕಾದುದೂ ಇಲ್ಲ. ನಿತ್ಯದ ಬದುಕೇ ಸಾಕಷ್ಟು ಪರೀಕ್ಷೆಗಳನ್ನು ಒಡ್ಡುತ್ತದೆ. ಒಂದು ಲಕ್ಷ ರೂಪಾಯಿ ಸಾಲ, ವರ್ಷಕ್ಕೆ ಶೇಕಡಾ 12 ಬಡ್ಡಿ, ಹನ್ನೆರಡು ಸಮಾನ ಕಂತು ಎಂದು ಒಬ್ಬ ವ್ಯಾಪಾರಿ ಹೇಳುತ್ತಾನೆನ್ನೋಣ. ಒಟ್ಟು 1,12,000 ರೂಪಾಯಿ, ತಿಂಗಳಿಗೆ ಸುಮಾರು 9,333. ಕೇಳಲು ಸುಲಭ. ಆದರೆ ಅಸಲು ತಿಂಗಳು ತಿಂಗಳೂ ಕರಗುತ್ತಿದ್ದರೂ ಬಡ್ಡಿಯನ್ನು ಪೂರ್ಣ ಲಕ್ಷದ ಮೇಲೆಯೇ ಹಾಕಿರುವುದರಿಂದ, ನಿಜವಾದ ದರ ಶೇಕಡಾ 21ನ್ನು ಮೀರುತ್ತದೆ! ಇದು ವಾಣಿಜ್ಯದ ವಿದ್ಯಾರ್ಥಿಯೊಬ್ಬನ ಸೊತ್ತಲ್ಲ. ಇತಿಹಾಸ ಓದಿದವಳು ತಿಳಿಯದಿದ್ದರೆ ನಷ್ಟ ಅವಳ ಮನೆಗೇ. ಹಾಗೆಯೇ, ಮೊಬೈಲಿಗೆ ಬಂದ ಔಷಧದ ಸುದ್ದಿಯನ್ನು ನಂಬುವ ಮುನ್ನ 'ಹೇಳಿದವರು ಯಾರು, ಆಧಾರವೇನು?' ಎಂದು ಕೇಳುವುದು ವಿಜ್ಞಾನದವರಿಗೆ ಮಾತ್ರ ಮೀಸಲಲ್ಲ. ಪಂಚಾಯತಿಗೊಂದು ಅರ್ಜಿಯನ್ನು ತಿಳಿಗನ್ನಡದಲ್ಲಿ ಬರೆಯುವುದು ಕಲಾ ವಿಭಾಗದವರ ಕೆಲಸ ಮಾತ್ರವೂ ಅಲ್ಲ. ಕನ್ನಡ ಪತ್ರಿಕೆಯನ್ನು ಅಂಕ ತುಂಬಿಕೊಳ್ಳುವ ಸಾಧನವೆಂದು ಬಗೆದ ವಿದ್ಯಾರ್ಥಿಗೆ ಅದರ ಬೆಲೆ ತಿಳಿಯುವುದು ಅರ್ಜಿ ತಿರಸ್ಕೃತವಾದಾಗಲೇ.

ಪರೀಕ್ಷಿಸುವ ಬಗೆ

ಸ್ಪಷ್ಟವಾಗಿ ಬರೆಯುವುದು, ಅಂಕಿಯನ್ನು ಅರ್ಥಮಾಡಿಕೊಳ್ಳುವುದು, ಆಧಾರ ಕೇಳುವುದು, ಕೂಡಿ ದುಡಿಯುವುದು - ಇಂಥ ಗುರಿಗಳು ಇಂದು ಪಠ್ಯಕ್ರಮಗಳ ಮೊದಲ ಪುಟಗಳಲ್ಲಿ ಅಚ್ಚಾಗುತ್ತಲೇ ಇವೆ. ತೊಂದರೆ ಅಲ್ಲಿಲ್ಲ, ಪ್ರಶ್ನೆಪತ್ರಿಕೆಯಲ್ಲಿದೆ. ಟಿಪ್ಪಣಿ ಬಾಯಿಪಾಠ ಮಾಡಿದವನಿಗೇ ಅಂಕ ದೊರೆಯುವುದಾದರೆ ಅವನು ಬೇರೇನನ್ನು ತಾನೇ ಕಲಿತಾನು? ಪಠ್ಯದಲ್ಲಿಲ್ಲದ ಒಂದು ವರದಿಯನ್ನು ಮುಂದಿಟ್ಟು, 'ಇದರಲ್ಲಿ ನಂಬಬಹುದಾದುದೆಷ್ಟು? ಏಕೆ?' ಎಂದು ಕೇಳುವ ಒಂದೇ ಪ್ರಶ್ನೆ ಹತ್ತು ಸುತ್ತೋಲೆಗಳಿಗಿಂತ ಹೆಚ್ಚು ಕೆಲಸ ಮಾಡೀತು.

ಮನೆಯವರೂ ಸುಮ್ಮನಿರಬೇಕಾಗಿಲ್ಲ. ಅಂಕಪಟ್ಟಿ ಕೈಗೆ ಬಂದ ದಿನ ತಂದೆ ತಾಯಿಯರು 'ಎಷ್ಟು ಬಂತು?' ಎಂದು ಕೇಳುವುದು ಸಹಜ. ಅದರ ಜೊತೆಗೆ, 'ನೀನು ಕಲಿತುದನ್ನು ಅಜ್ಜಿಗೆ ತಿಳಿಯುವಂತೆ ಹೇಳು ನೋಡೋಣ' ಎಂದೂ ಕೇಳಲಿ. ಹೇಳಬಲ್ಲವರಿಗೆ ವಿದ್ಯೆ ದಕ್ಕಿದೆ. ತಡವರಿಸಿದವರಿಗೆ ಇನ್ನೂ ಎಷ್ಟು ಓದಬೇಕೆಂಬುದಾದರೂ ತಿಳಿಯುತ್ತದೆ.